ಹೊಳೆಯಾಚೆಯ ಹದಿನೇಳು ತೋಟಾಗಳು

ಹೊಳೆ

೧೯೪೩ನೆಯ ನವೆಂಬರ್ ೨೨, ಸೋಮವಾರ, ಬೆಳಿಗ್ಗೆ ಆರೂವರೆ ಗಂಟೆ. ಸಿರುಗುಪ್ಪ ದಾಟಿ, ತುಂಗಭದ್ರೆಯ ದಂಡೆಯಲ್ಲಿ ಹರಿಗೋಲಿಗೆ ಕಾಲಿಟ್ಟೆ. ಪರದೇಶವೆಂದರೆ ಹಡಗು ಹತ್ತಿ ಹೋಗುವಂಥದ್ದು ಎಂದು ಬಳ್ಳಾರಿಯಲ್ಲಿ ನಾವು ತಿಳಿದಿದ್ದೇವೆ. ಈ ಹೊಳೆಯೊಂದನ್ನು ದಾಟಿದರೂ ಸಾಕು: ದೊರೆ ಬೇರೆ, ನಾಣ್ಯ ಬೇರೆ, ಕಚೇರಿಯ ಬರಹ ಬೇರೆ. ಜನರ ಬಾಯಲ್ಲಿ ಮಾತ್ರ ಅದೇ ಕನ್ನಡ, ನಮ್ಮದಕ್ಕಿಂತ ಸ್ವಲ್ಪ ಗಡಸು.

ಹೋದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಳ್ಳಾರಿಯ ಒಂದು ಬಂದೂಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಯುದ್ಧ ಶುರುವಾದ ಮೇಲೆ ವಿಲಾಯತಿ ತೋಟಾಗಳು, ಅಂದರೆ ಬಂದೂಕಿಗೆ ಹಾಕುವ ಕಾರ್ಟ್ರಿಜ್‌ಗಳು, ಬರುವುದು ನಿಂತಿತು. ಲೈಸೆನ್ಸಿದ್ದ ಗಿರಾಕಿಗಳು ಹಾರಿಸಿದ ತೋಟಾಗಳ ಹಿತ್ತಾಳೆಯ ಕೊಳವೆಗಳನ್ನು ಕೂಡಿಟ್ಟುಕೊಂಡು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸತೊಡಗಿದರು. ಕೇಪೆಂದರೆ ತೋಟಾದ ತಳದಲ್ಲಿ ಕೂರುವ ಪುಟ್ಟ ಬಟ್ಟಲು. ಬಂದೂಕಿನ ಮೊಳೆಯ ಪೆಟ್ಟು ಬಿದ್ದೊಡನೆ ಅದು ಕಿಡಿ ಕಾರಿ ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ರಿವಾಲ್ವರಿನಲ್ಲಿ ಇಂಥ ತೋಟಾ ಒಂದು ಹಾರದಿದ್ದರೂ ಮತ್ತೊಮ್ಮೆ ಒತ್ತಿದರೆ ಮುಂದಿನದು ತಿರುಗಿ ಬರುತ್ತದೆ. ತಾನೇ ತುಂಬಿಕೊಳ್ಳುವ ಪಿಸ್ತೂಲು ಹಾಗಲ್ಲ. ಹಾರಿದ ತೋಟಾದ ರಭಸವೇ ಮುಂದಿನದನ್ನು ಒಳಕ್ಕೆಳೆಯಬೇಕು. ಒಂದು ಸತ್ತರೆ ಕೈಯಿಂದ ಜಗ್ಗಿ ಅದನ್ನು ಹೊರಗೆ ಹಾಕುವವರೆಗೆ ಪಿಸ್ತೂಲೂ ಸತ್ತಂತೆಯೇ.

ಸಂತೆಕಲ್ಲೂರಿನ ಹತ್ತಿರದ ಒಂದು ಹಳ್ಳಿಯ ಗೌಡರ ಮನೆಯಲ್ಲಿ ಹಾಗೇ ಆಗಿತ್ತು. (ಈ ಬರಹದಲ್ಲಿ ಮನುಷ್ಯರ ಹೆಸರುಗಳನ್ನು ಬದಲಿಸಿದ್ದೇನೆ.) ದೀಪಾವಳಿಗೆ ಮುಂಚೆ ಚಿಕ್ಕಗೌಡ ಬಸನಗೌಡರು ಹೊಲದ ಗುಡಿಸಲಿನಲ್ಲಿ ಮಲಗಿದ್ದಾಗ ಎತ್ತಿನ ಕಳ್ಳರು ಬಂದರು. ಗೌಡರು ಪಿಸ್ತೂಲು ಒತ್ತಿದರು, ಹಾರಲಿಲ್ಲ. ಜಗ್ಗಿ ಹೊರಹಾಕಿ ಮತ್ತೆ ಒತ್ತಿದರು, ಅದೂ ಹಾರಲಿಲ್ಲ. ಮೂರನೆಯದೂ ಹಾಗೇ. ಅಷ್ಟರಲ್ಲಿ ಕೊಡಲಿಯ ಪೆಟ್ಟು ಬಿದ್ದು ಗೌಡರ ಪ್ರಾಣ ಹೋಯಿತು. ಆ ತೋಟಾಗಳನ್ನು ತುಂಬಿಕೊಟ್ಟವನು ಮಸ್ಕಿಯ ಅಕ್ಕಸಾಲಿಗ ಮಾನಪ್ಪ ಪತ್ತಾರ. ಕಳ್ಳರಿಂದ ಲಂಚ ತಿಂದು ಸತ್ತ ತೋಟಾ ಕೊಟ್ಟನೆಂದು ಪೊಲೀಸರು ಅವನನ್ನು ಹಿಡಿದು ಲಿಂಗಸುಗೂರಿನ ಹವಾಲಾತಿನಲ್ಲಿ, ಠಾಣೆಯ ಸರಳಿನ ಕೋಣೆಯಲ್ಲಿ, ಹಾಕಿದ್ದರು. ತೋಟಾಗಳನ್ನು ನೋಡಿ ಹೇಳಲು ಬಲ್ಲವರೊಬ್ಬರನ್ನು ಕಳಿಸಿ ಎಂದು ಸತ್ತವರ ಅಣ್ಣ ಅಮರೇಗೌಡರು ನಮ್ಮ ಅಂಗಡಿಗೆ ಹೇಳಿಕಳಿಸಿದ್ದರು. ಮಾನಪ್ಪ ಬಳಸಿದ ಕೇಪಿನ ಡಬ್ಬಿ ನಮ್ಮ ಅಂಗಡಿಯದೇ ಆಗಿತ್ತು. ಹೊರಡುವಾಗ ಅಂಗಡಿಯ ಯಜಮಾನರಾದ ನಮ್ಮ ಶೆಟ್ಟರು ಹೇಳಿದ್ದು ಒಂದೇ ಮಾತು: "ಏನಾದರೂ ಹೇಳು, ಕೇಪಿನ ತಪ್ಪು ಅಂತ ಮಾತ್ರ ಬರಬಾರದು."

ಆಚೆ ದಂಡೆಯಲ್ಲಿ ನಿಜಾಮ ಸರಕಾರದ ಸುಂಕದ ನಾಕಾ. ಅಲ್ಲಿನ ಜವಾನ ನನ್ನ ಚೀಲವನ್ನು ಬೋರಲು ಹಾಕಿದ. ಗುಂಡು ಕೀಳುವ ಇಕ್ಕಳ, ಉಕ್ಕಿನ ಅಳತೆ, ಸಣ್ಣ ತಕ್ಕಡಿ, ನಳಿಗೆ ಒರೆಸುವ ಕೋಲು ಹೊರಬಿದ್ದವು.

"ಹಲ್ಲು ಕೀಳೋರೇನ್ರೀ?" ಎಂದ.

"ಅಲ್ಲ, ಬಂದೂಕಿನ ಕೆಲಸ."

"ಥೂ! ಹಲ್ಲು ಕೀಳೋರಾಗಿದ್ರ ಪುಗಸಟ್ಟೆ ಒಳಗ ಬಿಡ್ತಿದ್ದೆ. ಈ ದವಡಿಹಲ್ಲು ನನ್ನ ಜೀವಾ ತಿನ್ನಾಕತ್ತೈತಿ."

ಅಮರೇಗೌಡರ ಪತ್ರ ತೋರಿಸಿದ ಮೇಲೆ ಬಿಟ್ಟ. ನಾನು ತಾರೀಖು ಹೇಳಿದರೆ ನಕ್ಕ. "ಅದು ನಿಮ್ಮ ಕಡೀದು. ಇಲ್ಲಿ ಈಗ ದೈ ತಿಂಗಳು, ಫಸಲಿ ಹದಿಮೂರನೂರಾ ಐವತ್ತಮೂರು." ನನ್ನ ದಿನಚರಿಯಲ್ಲಿ ಎರಡನ್ನೂ ಬರೆದುಕೊಂಡೆ. ಹೊಳೆಯ ಅಗಲದಷ್ಟರಲ್ಲಿ ನಾನು ಆರುನೂರು ವರ್ಷ ಹಿಂದಕ್ಕೆ ಹೋಗಿದ್ದೆ.

ಸಿಂಧನೂರು

ಸಿಂಧನೂರಿನವರೆಗೆ ಗಾಡಿ, ಅಲ್ಲಿಂದ ಮಸ್ಕಿಗೆ ಸರಕಾರಿ ಮೋಟಾರು. ಪೆಟ್ರೋಲಿಲ್ಲದೆ ಅದು ಇದ್ದಿಲ ಹೊಗೆಯಿಂದ ನಡೆಯುತ್ತಿತ್ತು. ಹಿಂದೆ ಕಟ್ಟಿದ ಒಲೆಯಂಥ ಡ್ರಮ್ಮಿಗೆ ಡ್ರೈವರು ಇದ್ದಿಲು ಸುರಿದು ಗಾಳಿ ಹಾಕುತ್ತಿದ್ದ. ಸ್ವಲ್ಪ ಏರು ಬಂದರೂ ನಾವೆಲ್ಲ ಇಳಿದು ತಳ್ಳಬೇಕು. ನಮ್ಮ ಕಡೆ ಹೀಗಾದರೆ ಜನ ಕಂಪನಿಯವರ ಮೂರು ತಲೆಮಾರನ್ನು ಬೈಯುತ್ತಾರೆ. ಇಲ್ಲಿಯವರು ತಾವಾಗಿಯೇ ಇಳಿದು, ತಳ್ಳಿ, ಮತ್ತೆ ಹತ್ತಿ ಅದೇ ಜಾಗದಲ್ಲಿ ಕೂತು ಬಿಟ್ಟ ಮಾತನ್ನು ಮುಂದುವರಿಸಿದರು. ಎರಡೂ ಕಡೆ ಕರಿನೆಲ, ಮೊಣಕಾಲೆತ್ತರ ಬಿಳಿಜೋಳ, ಅಲ್ಲಲ್ಲಿ ಹತ್ತಿ.

ಮಾತೆಲ್ಲ ಗೌಡರ ಕೊಲೆಯದೇ. ಪತ್ತಾರನಿಗೆ ಲಂಚ ಕೊಟ್ಟದ್ದನ್ನು ಕಣ್ಣಾರೆ ಕಂಡವರೇ ಆ ಮೋಟಾರಿನಲ್ಲಿ ಮೂವರಿದ್ದರು. ಒಬ್ಬೊಬ್ಬರು ಕಂಡದ್ದೂ ಬೇರೆ ಬೇರೆ ಊರಿನಲ್ಲಿ. ಹಿಂದಿನ ಸೀಟಿನ ಮುದುಕಿಯೊಬ್ಬಳು ತಡೆಯಲಾರದೆ ಅಂದಳು:

"ಸುಮ್ಮಕಿರ್ರಲೇ. ಅಂವ ನನ್ನ ಮೊಮ್ಮಗಳ ಬುಗುಡಿ ಮಾಡ್ಯಾನ. ಬಂಗಾರದಾಗ ತಾಮ್ರ ಬೆರಸ್ತಾನ, ಖರೆ. ಮಂದಿ ಸಾಯೂಹಂಗ ಮಾಡಾಂವಲ್ಲ."

"ತಾಮ್ರ ಬೆರಸಾಂವ ಇದನ್ನ್ಯಾಕ ಮಾಡಂಗಿಲ್ಲಬೇ ಮುದುಕಿ?"

"ನೀ ಹಾಲಿನಾಗ ನೀರು ಹಾಕ್ತೀಯಲ್ಲ, ವಿಷಾ ಹಾಕೀಯೇನು?"

ಮೋಟಾರೆಲ್ಲ ನಕ್ಕಿತು. ಹಾಲಿನವನು ತನ್ನ ಖಾಲಿ ಕೊಡವನ್ನು ಕಾಲಡಿಗೆ ಸರಿಸಿಕೊಂಡ.

ಮಸ್ಕಿ

ಮಂಗಳವಾರ ಬೆಳಿಗ್ಗೆ ಪತ್ತಾರನ ಮನೆ ಹುಡುಕಿಕೊಂಡು ಹೋದೆ. ಅವನ ಹೆಂಡತಿ ಈರಮ್ಮ ಬಾಗಿಲು ಪೂರ್ತಿ ತೆರೆಯದೆ, ಸಂದಿಯಿಂದಲೇ ನಾನು ಯಾರ ಕಡೆಯವನೆಂದು ಕೇಳಿದಳು. ಯಾರ ಕಡೆಯವನೂ ಅಲ್ಲ, ತೋಟಾ ನೋಡಲು ಬಂದವನೆಂದೆ. ಅದು ಅವಳಿಗೆ ನಂಬಿಕೆಯಾಗಲಿಲ್ಲ, ಆದರೂ ಒಳಗೆ ಬಿಟ್ಟಳು.

ಬಂಗಾರ ಕಾಯಿಸುವ ಒಲೆಯಿಂದ ದೂರ, ಬೇರೆ ಕೋಣೆಯಲ್ಲಿ ಅವನು ತೋಟಾ ತುಂಬುತ್ತಿದ್ದ. ಆ ಎಚ್ಚರ ಮೆಚ್ಚಬೇಕಾದ್ದೇ. ಮದ್ದನ್ನು ಬಂಗಾರದ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ತೂಗುತ್ತಿದ್ದನಂತೆ. ಗುಲಗಂಜಿಗಳನ್ನು ನನ್ನ ತಕ್ಕಡಿಗೆ ಹಾಕಿ ನೋಡಿದೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿತ್ತು, ಆದರೆ ತೋಟಾ ಸಾಯುವಷ್ಟಲ್ಲ. ನಮ್ಮ ಅಂಗಡಿಯ ಕೇಪಿನ ಡಬ್ಬಿ ಗೂಡಿನಲ್ಲಿತ್ತು, ಅರ್ಧ ಖಾಲಿ. ಗೂಡು ಒಣಗಿತ್ತು, ಡಬ್ಬಿಗೆ ತುಕ್ಕು ಹಿಡಿದಿರಲಿಲ್ಲ. ಈರಮ್ಮನನ್ನು ಕೇಳಿ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡೆ.

"ನಿನ್ನೆ ರೊಟ್ಟಿ ಒಯ್ದಿದ್ದೆ," ಎಂದಳು ಈರಮ್ಮ. "ಎಡಗೈಲೆ ಉಂಡರು. ಬಲಗೈ ಬಟ್ಟಿಯಾಗ ಸುತ್ತ್ಯಾರ. ಒಪ್ಪಿಕೋ ಅಂತ ಬಡದಾರ. ಅಕ್ಕಸಾಲಿಗಗ ಕೈ ಹೋದಮ್ಯಾಲ ಬಿಟ್ಟರೇನು, ಇಟ್ಟರೇನು?" ನಾನು ಹೊಸ್ತಿಲು ದಾಟುವಾಗ, "ಆದರೂ ಬಿಡಸ್ರಿ ಅಣ್ಣಾರ," ಎಂದಳು.

ಗೌಡರ ವಾಡೆ

ಅಂದು ಸಂಜೆ ಹಳ್ಳಿ ಮುಟ್ಟಿದೆ. ಅಮರೇಗೌಡರು ಐವತ್ತರ ಆಳು. ತಮ್ಮ ಸತ್ತ ಮೇಲೆ ಗಡ್ಡ ತೆಗೆಸಿರಲಿಲ್ಲ. ನೀರು ಕೊಟ್ಟು, ಊಟಕ್ಕೆ ಹೇಳಿ, ಪಿಸ್ತೂಲಿನ ಪೆಟ್ಟಿಗೆಯನ್ನು ನನ್ನ ಮುಂದಿಟ್ಟರು.

"ಪತ್ತಾರ ಮೋಸ ಮಾಡ್ಯಾನೋ ಇಲ್ಲೋ, ಅಷ್ಟು ಹೇಳು. ಉಳಿದದ್ದು ನನಗ ಬ್ಯಾಡ."

ಒಟ್ಟು ಹದಿನೇಳು ತೋಟಾ: ಗೌಡರ ಕೈಯಲ್ಲಿ ಸತ್ತ ಮೂರು, ಉಳಿದ ಹದಿನಾಲ್ಕು. ಮೊದಲು ಆ ಮೂರನ್ನು ನೋಡಿದೆ. ಕೇಪಿನ ಮೇಲೆ ಮೊಳೆಯ ಪೆಟ್ಟು ನಡುಮಧ್ಯಕ್ಕೆ, ಆಳವಾಗಿ ಬಿದ್ದಿತ್ತು. ಹಾಗಾದರೆ ಪಿಸ್ತೂಲಿನ ಸ್ಪ್ರಿಂಗಿನ ತಪ್ಪಲ್ಲ. ಇನ್ನೊಂದು ಸಾಧ್ಯತೆ ಕೇಪು ಕೂತ ರೀತಿ. ತಳಕ್ಕೆ ಮುಟ್ಟದೆ ಮೇಲೆ ನಿಂತಿದ್ದರೆ ಮೊದಲ ಪೆಟ್ಟು ಅದನ್ನು ಒಳಕ್ಕೆ ತಳ್ಳುವುದರಲ್ಲೇ ಕಳೆದುಹೋಗುತ್ತದೆ, ಎರಡನೆಯ ಪೆಟ್ಟಿಗೆ ಹಾರುತ್ತದೆ. ಹದಿನಾಲ್ಕರ ತಳವನ್ನೂ ಹೆಬ್ಬೆರಳಿನಿಂದ ಸವರಿದೆ. ಒಂದೂ ಉಬ್ಬಿರಲಿಲ್ಲ. ಉದ್ದ ಅಳೆದೆ, ಸರಿಯಿತ್ತು. ಒಂದರ ಬಾಯಿ ಮಾತ್ರ ತುಸು ಅಗಲವಾಗಿತ್ತು. ಸಿಕ್ಕಿಹಾಕಿಕೊಂಡರೆ ಅದೊಂದು ಸಿಕ್ಕೀತು, ಅಷ್ಟೇ.

ಹಾಗೆ ಸವರುವಾಗ ಬೆರಳಿಗೆ ಜಿಗುಟು ಹತ್ತಿತು. ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಾಯಿತು.

"ಖಂಡೇಪೂಜಿದು," ಎಂದರು ಅಮರೇಗೌಡರು. "ದಸರಾಕ್ಕ ಆಯುಧಕ್ಕ ಪೂಜಿ ಮಾಡ್ತೀವಲ್ಲ. ನಿಮ್ಮ ಕಡೆ ಇಲ್ಲೇನು?"

ನಮ್ಮ ಕಡೆಯೂ ಇದೆ. ನಮ್ಮ ಅಂಗಡಿಯಲ್ಲೇ ಬಂದೂಕುಗಳಿಗೆ ಹೂವು ಏರಿಸುತ್ತೇವೆ. ಆ ಸಂಜೆ ಅದರ ಬಗ್ಗೆ ಮುಂದೆ ಯೋಚಿಸಲಿಲ್ಲ.

ಬುಧವಾರ ಬೆಳಿಗ್ಗೆ ಊರಾಚೆಯ ಹಾಳುಬಾವಿಯ ಮಣ್ಣಿನ ದಿಬ್ಬಕ್ಕೆ ಹಾರಿಸಿ ನೋಡಿದೆವು. ಸತ್ತ ಮೂರನ್ನು ಮತ್ತೊಮ್ಮೆ ಹಾಕಿ ಒತ್ತಿದೆ. ಎರಡನೆಯ ಪೆಟ್ಟಿಗೂ ಅವು ಹಾರಲಿಲ್ಲ. ಆಮೇಲೆ ಹದಿನಾಲ್ಕನ್ನು ಒಂದೊಂದಾಗಿ ಹಾಕಿದೆ. ಮೊದಲನೆಯದು ಹಾರಿತು, ಎರಡನೆಯದೂ ಹಾರಿತು. ಮೂರನೆಯದು ಹಾರಲಿಲ್ಲ. ಪಿಸ್ತೂಲನ್ನು ದಿಬ್ಬದ ಕಡೆಗೇ ಹಿಡಿದು ಅಲ್ಲಾಡದೆ ನಿಂತೆ.

"ಏನು ಜಪಾ ಮಾಡಾಕತ್ತೀಯೇನು?" ಎಂದರು ಗೌಡರು.

"ಕೆಲವು ತಡವಾಗಿ ಹಾರುತ್ತವೆ ಗೌಡರೇ. ಕಾಯಬೇಕು."

"ನನ್ನ ತಮ್ಮಗ ಅಷ್ಟು ಹೊತ್ತು ಇರಲಿಲ್ಲ."

ಸತ್ತದ್ದನ್ನು ಜಗ್ಗಿ ಹೊರಹಾಕಿ ಮುಂದಿನದನ್ನು ಹಾಕಿದೆ. ಮುಂದೆ ಒಂದರ ಸದ್ದು ಬಡವಾಗಿ ಕೇಳಿತು. ಗುಂಡು ನಳಿಗೆಯಲ್ಲೇ ಉಳಿದಿದ್ದರೆ ಮುಂದಿನದು ಪಿಸ್ತೂಲನ್ನೇ ಸೀಳಿ ಹಿಡಿದವನ ಕೈ ಒಯ್ಯುತ್ತದೆ. ನಿಲ್ಲಿಸಿ, ಬಿಚ್ಚಿ, ಕೋಲು ತೂರಿಸಿ ನೋಡಿದೆ. ನಳಿಗೆ ಖಾಲಿಯಿತ್ತು. ಕೊನೆಗೆ ಲೆಕ್ಕ: ಹಾರಿದ್ದು ಒಂಬತ್ತು, ಹಾರದ್ದು ಐದು.

ವಾಡೆಗೆ ಮರಳಿ, ಪಡಸಾಲೆಯಲ್ಲಿ ಕೂತು ಹಾರದ ಐದನ್ನು ಇಕ್ಕಳದಿಂದ ಬಿಚ್ಚಿದೆ. ಗುಂಡು ಕಿತ್ತು ಮದ್ದನ್ನು ಹಾಳೆಯ ಮೇಲೆ ಸುರುವಿದೆ. ಮೂರರಲ್ಲಿ ಮದ್ದು ಉದುರು ಉದುರಾಗಿತ್ತು. ಎರಡರಲ್ಲಿ ಗಂಟು ಕಟ್ಟಿತ್ತು. ಬೆರಳಿನಿಂದ ಮುಟ್ಟಿದೆ. ಎಣ್ಣೆಯ ವಾಸನೆ. ಆದರೆ ನನ್ನ ಬೆರಳಿಗೇ ಆಗಲೇ ಎಣ್ಣೆ ಹತ್ತಿತ್ತು. ಮದ್ದಿಗೆ ಅದು ತಳದಿಂದ ಒಳಗಿಳಿದು ಬಂತೋ, ನನ್ನ ಕೈಯಿಂದ ಬಂತೋ ಹೇಳಲಾಗಲಿಲ್ಲ.

"ಪೂಜೆ ಹೇಗೆ ಮಾಡಿದ್ದಿರಿ?" ಎಂದು ಗೌಡರನ್ನು ಕೇಳಿದೆ.

ಉತ್ತರ ಬಾಗಿಲ ಹಿಂದಿನಿಂದ ಬಂತು. ಸತ್ತವರ ಹೆಂಡತಿ ನೀಲಮ್ಮ. ನಾನು ಅವರ ಮುಖ ನೋಡಲೇ ಇಲ್ಲ, ಬಾಗಿಲ ಚೌಕಟ್ಟಿನ ಮೇಲಿದ್ದ ಬಳೆಯಿಲ್ಲದ ಒಂದು ಕೈಯನ್ನು ಮಾತ್ರ ಕಂಡೆ.

"ಪೂಜಿ ಮಾಡಿದಾಕಿ ನಾನು, ತಮ್ಮಾ. ಕೊಡ್ಲಿ ಕುಡಗೋಲಿಗೆ ಬರೇ ಕುಂಕುಮ ಹಚ್ಚತೀವಿ. ಇವು ಅವರ ಜೀವಾ ಕಾಯೂವು ಅಂತ ಒಂದೊಂದನ್ನ ಕೈಯಾಗ ತಗೊಂಡು ಎಣ್ಣಿ ಸವರಿ, ಈಬತ್ತಿ, ಕುಂಕುಮ ಇಟ್ಟೆ. ಮ್ಯಾಲ ಎಣ್ಣಿ ಬಟ್ಟಲದಾಗ ನಿಂದರಿಸಿ ದೀಪದ ಮುಂದ ಇಟ್ಟಿದ್ದೆ. ಐದು ದಿನ."

"ತಳ ಕೆಳಗಾಗಿಯೇ?"

"ಮದುವಿ ಗಂಡಿಗೆ ಎಣ್ಣಿ ಏರಸೂಹಂಗ, ಕಾಲಿನಿಂದ. ಯಾಕ? ಹೋದವರ್ಷನೂ ಹಂಗ ಮಾಡಿದ್ದೆ. ಆಗ ಹಾರಿದ್ವಲ್ಲ?"

"ಅವು ಮೊದಲು ಕೊಂಡಿಟ್ಟ ವಿಲಾಯತಿ ತೋಟಾ ಇರಬೇಕು ಅಮ್ಮಾ. ಅವಕ್ಕೆ ಕೇಪಿನ ಸುತ್ತ ಅರಗಿನಂಥದ್ದನ್ನು ಹಚ್ಚಿ ಸಂದು ಮುಚ್ಚಿರುತ್ತಾರೆ, ಎಣ್ಣೆ ಒಳಗಿಳಿಯುವುದಿಲ್ಲ. ಕೈಯಿಂದ ತುಂಬಿದವಕ್ಕೆ..."

ಅಲ್ಲಿಗೆ ನಿಲ್ಲಿಸಿದೆ. ಆದರೆ ಅಷ್ಟು ಸಾಕಾಗಿತ್ತು. ಅಮರೇಗೌಡರು ನೆಲ ನೋಡುತ್ತ ಕೂತಿದ್ದರು. ಬಾಗಿಲ ಮೇಲಿನ ಕೈ ಮೆಲ್ಲಗೆ ಕೆಳಗಿಳಿಯಿತು.

"ಹಂಗಾರ ಪತ್ತಾರ ಮಾಡಿದ್ದಲ್ಲ," ಎಂದಿತು ಧ್ವನಿ.

"ಎಣ್ಣೆಯಿಂದ ಆಗಿರಬಹುದು, ಅಷ್ಟೇ ಅಮ್ಮಾ. ಹೀಗೇ ಆಗಿದೆ ಅನ್ನಲಿಲ್ಲ."

"ನೀವು ಅನ್ನೂದು ಬ್ಯಾಡ. ನನಗ ತಿಳೀತು. ಬಾವಾರ, ಅಂವನ್ನ ಬಿಡಸ್ರಿ. ಅವನ ಮನ್ಯಾಗೂ ಒಬ್ಬಾಕಿ ಕುಂತಾಳ."

ಆ ದಿನ ವಾಡೆಯಲ್ಲಿ ಒಗ್ಗರಣೆಯ ಸದ್ದು ಕೇಳಲಿಲ್ಲ. ಕೆಲಸದವಳು ತಂದಿಟ್ಟ ರೊಟ್ಟಿ, ಮೊಸರು ಉಂಡು ಎದ್ದೆ.

ಲಿಂಗಸುಗೂರು

ಲಿಂಗಸುಗೂರು ಹಿಂದೆ ಪಲ್ಟನ್ನು ಬೀಡುಬಿಟ್ಟಿದ್ದ ದಂಡಿನ ಛಾವಣಿ. ಪಾಳುಬಿದ್ದ ಬಂಗಲೆಗಳು, ನೆಟ್ಟಗಿನ ರಸ್ತೆಗಳು. ನಮ್ಮ ಬಳ್ಳಾರಿಯ ದಂಡುಪ್ರದೇಶದಿಂದ ಸಿಪಾಯಿಗಳನ್ನು ತೆಗೆದುಹಾಕಿದರೆ ಹೀಗೇ ಕಾಣಬಹುದು. ಗುರುವಾರ ಅಮರೇಗೌಡರ ಜೊತೆ ಪೊಲೀಸು ಅಮೀನರ, ಅಂದರೆ ನಮ್ಮ ಕಡೆಯ ಸಬ್ ಇನ್ಸ್‌ಪೆಕ್ಟರರ, ಕಚೇರಿಗೆ ಹೋದೆ. ಅಮೀನರು ಅಡಿಕೆ ಕತ್ತರಿಸುತ್ತ ನನ್ನ ಮಾತನ್ನೆಲ್ಲ ಸಮಾಧಾನವಾಗಿ ಕೇಳಿದರು.

"ಅಚ್ಛಾ. ಅಂದ್ರ ಎಣ್ಣಿಯಿಂದ ಕೇಪು ಸತ್ತಾವ. ಪಕ್ಕಾ?"

"ಆಗಿರಬಹುದು, ಸಾಹೇಬರೇ. ಕೈಯಿಂದ ತುಂಬಿದ ತೋಟಾಗಳಲ್ಲಿ ಬೇರೆ ಕಾರಣಗಳೂ..."

"ಬೇರೆ ಕಾರಣ ಅಂದ್ರ ಪತ್ತಾರ. ಇಲ್ಲಾ ನಿಮ್ಮ ದುಕಾನು. ಯಾವುದು ಬರೀಲಿ?"

ಗುಮಾಸ್ತ ಉರ್ದುವಿನಲ್ಲಿ ಸರಸರ ಬರೆದು ಓದಿ ಹೇಳಿದ. ಅದರಲ್ಲಿ 'ಆಗಿರಬಹುದು' ಇರಲಿಲ್ಲ, 'ಆಗಿದೆ' ಇತ್ತು. ನಾನು ತಲೆ ಎತ್ತಿದೆ. ಎದುರಿಗೆ ಹವಾಲಾತಿನ ಸರಳು, ಸರಳಿನ ಹಿಂದೆ ಬಟ್ಟೆ ಸುತ್ತಿದ ಕೈಯನ್ನು ಎದೆಗವಚಿಕೊಂಡು ನಮ್ಮನ್ನೇ ನೋಡುತ್ತಿದ್ದ ಕುಳ್ಳ ಮನುಷ್ಯ. ದಸ್ತಖತು ಹಾಕಿದೆ.

ಮಧ್ಯಾಹ್ನದೊಳಗೆ ಮಾನಪ್ಪನನ್ನು ಬಿಟ್ಟರು. ಅಮರೇಗೌಡರು ಅವನ ಮುಂದೆ ನಿಂತು ಹೆಗಲ ಮೇಲಿನ ಶಾಲನ್ನು ತೆಗೆದು ಅವನಿಗೆ ಹೊದಿಸಿ ಹೊರಟುಹೋದರು. ನಾವಿಬ್ಬರೂ ಮಸ್ಕಿಯ ಗಾಡಿ ಹತ್ತಿದೆವು. ದಾರಿಯಲ್ಲಿ ಅವನು ಬಟ್ಟೆ ಬಿಚ್ಚಿ ತೋರಿಸಿದ. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಬಾತು ಕಪ್ಪಾಗಿದ್ದವು, ಮಡಚುತ್ತಿರಲಿಲ್ಲ.

"ಎಣ್ಣಿ ಅಂತ ಯಾರು ಕಂಡುಹಿಡದರು?" ಎಂದ.

"ಗೌಡರ ತಮ್ಮನ ಹೆಂಡತಿಯೇ ಹೇಳಿದರು."

ಎಡಗೈಯಿಂದಲೇ ಬಟ್ಟೆಯನ್ನು ಮತ್ತೆ ಸುತ್ತಿಕೊಂಡ. ಆಮೇಲೆ ಅಂದ: "ಆಕಿ ತಾಳಿ ಮಾಡಿದಾಂವ ನಾನು. ನನ್ನ ತೋಟಾ ಎಣ್ಣಿಗೆ ಸಾಯ್ತಾವಂದ್ರ ನಾ ಖುಷಿಪಡಬೇಕು, ಜೀವಾ ಉಳೀತು. ಆದ್ರ ತಮ್ಮಾ, ಒಂದು ಮಾತು. ಎಣ್ಣಿ ಹತ್ತದ ತೋಟಾನೂ ಒಮ್ಮೊಮ್ಮೆ ಸಾಯ್ತಿದ್ವು. ಅದನ್ನ ಅಲ್ಲಿ ಹೇಳಿದ್ರ ನನ್ನ ಕೊಲ್ಲತಿದ್ರು."

ಮಸ್ಕಿಯಲ್ಲಿ ಇಳಿದಾಗ ಈರಮ್ಮ ಓಡಿಬಂದು ಮೊದಲು ಹಿಡಿದದ್ದು ಅವನ ಮುಖವನ್ನಲ್ಲ, ಆ ಕೈಯನ್ನು.

ಮತ್ತೆ ಬಳ್ಳಾರಿ

ಪತ್ತಾರನ ಡಬ್ಬಿಯಲ್ಲಿ ಉಳಿದಿದ್ದ ಕೇಪುಗಳಿಂದಲೇ ಇಪ್ಪತ್ತನಾಲ್ಕು ತೋಟಾ ತುಂಬಿದೆ. ಹನ್ನೆರಡನ್ನು ನೀಲಮ್ಮನವರು ಮಾಡಿದಂತೆಯೇ ಎಣ್ಣೆಯ ಬಟ್ಟಲಿನಲ್ಲಿ ತಳ ಕೆಳಗಾಗಿ ಐದು ದಿನ ನಿಲ್ಲಿಸಿದೆ. ಉಳಿದ ಹನ್ನೆರಡನ್ನು ಎಣ್ಣೆ ಮುಟ್ಟಿಸದೆ ಒಣದಾಗಿಯೇ ಇಟ್ಟೆ. ಪೂಜೆಗೂ ಕೊಲೆಗೂ ನಡುವೆ ಕಳೆದಷ್ಟೇ ದಿನ ಎರಡನ್ನೂ ಬಿಟ್ಟು, ಬೆಟ್ಟದ ಹಿಂದೆ ಒಯ್ದು ಹಾರಿಸಿದೆ.

ಎಣ್ಣೆಯವು: ಹಾರಿದ್ದು ಹನ್ನೊಂದು, ಹಾರದ್ದು ಒಂದು.

ಎಣ್ಣೆಯಿಲ್ಲದವು: ಹಾರಿದ್ದು ಹತ್ತು, ಹಾರದ್ದು ಎರಡು.

ಶೆಟ್ಟರಿಗೆ ತೋರಿಸಿದೆ. "ಇಪ್ಪತ್ತನಾಲ್ಕು ತೋಟಾದಿಂದ ಏನು ತಿಳಿಯುತ್ತದೆ? ಬಿಡು," ಎಂದರು. ಅವರ ಮಾತು ಸುಳ್ಳಲ್ಲ. ಇಷ್ಟು ಕಡಿಮೆ ಲೆಕ್ಕದಿಂದ ಯಾವುದನ್ನೂ ಸಾಧಿಸಲಾಗದು. ನನ್ನ ಎಣ್ಣೆ ಬೇರೆಯಿರಬಹುದು, ಮಾನಪ್ಪ ಕೇಪು ಕೂರಿಸಿದ ಬಿಗಿ ಬೇರೆಯಿರಬಹುದು. ಆದರೆ ಮಾರನೆಯ ದಿನ ಅಂಗಡಿಯ ಗೂಡಿನಲ್ಲಿ ಆ ಗುರುತಿನ ಡಬ್ಬಿಗಳು ಒಂದೂ ಇರಲಿಲ್ಲ. ಯುಗಾದಿಗೆ ನಾನು ಆ ಕೆಲಸ ಬಿಟ್ಟೆ.

ಆ ಕಡೆಗೆ ಹೋಗುವ ಹತ್ತಿ ವ್ಯಾಪಾರಿಯೊಬ್ಬರ ಮೂಲಕ ಅಮರೇಗೌಡರಿಗೆ ಈ ಲೆಕ್ಕವನ್ನು ತಿಳಿಸಿದೆ. ಅವರು ಕಾಗದ ಬರೆಯಲಿಲ್ಲ, ಅದೇ ವ್ಯಾಪಾರಿಯ ಬಾಯಲ್ಲಿ ಹೇಳಿಕಳಿಸಿದರು: "ಅಲ್ಲ ಅನ್ನೂದಾದ್ರ ಪಕ್ಕಾ ಅಲ್ಲ ಅನ್ನು, ಆಕಿಗೆ ಹೇಳ್ತೀನಿ. ಇಲ್ಲಾಂದ್ರ ಸುಮ್ಮನಿರು. ಒಮ್ಮೆ ಹಂಗ, ಒಮ್ಮೆ ಹಿಂಗ ಅಂದ್ರ ಆಕಿ ತಡಕೊಳ್ಳಂಗಿಲ್ಲ." ವ್ಯಾಪಾರಿ ಇನ್ನೊಂದು ಸಂಗತಿಯನ್ನೂ ಹೇಳಿದರು. ನೀಲಮ್ಮನವರು ಈಗ ಎಣ್ಣೆ ಮುಟ್ಟುವುದಿಲ್ಲವಂತೆ. ತಲೆಗೂ ಹಚ್ಚಿಕೊಳ್ಳುವುದಿಲ್ಲ, ದೇವರ ಮುಂದಿನ ದೀಪಕ್ಕೂ ಹಾಕುವುದಿಲ್ಲ.

ಓದುವವರಲ್ಲಿ ಪಲ್ಟನ್ನಿನ ಶಸ್ತ್ರಾಗಾರದಲ್ಲಿ ಕೆಲಸ ಮಾಡಿದವರು, ಕೇಪು ತಯಾರಿಸುವ ಕಾರಖಾನೆಯನ್ನು ಕಂಡವರು, ಕೈಯಿಂದ ತೋಟಾ ತುಂಬಿ ಹತ್ತಾರು ವರ್ಷದ ಅನುಭವವಿದ್ದವರು ಯಾರಾದರೂ ಇರಬಹುದು. ಸಂದು ಮುಚ್ಚದ ಕೇಪು ಐದು ದಿನ ಎಣ್ಣೆಯಲ್ಲಿ ನಿಂತರೆ ಸಾಯುತ್ತದೆಯೇ, ಇಲ್ಲವೇ? ಬಲ್ಲವರು ಈ ಪತ್ರಿಕೆಯ ಮೂಲಕ ನನಗೆ ಬರೆಯಬೇಕು. ಸಾಯುತ್ತದೆಂದು ಗೊತ್ತಿದ್ದರೂ ಬರೆಯಿರಿ, ಅದು ನನ್ನಲ್ಲೇ ಉಳಿಯುತ್ತದೆ. ಸಾಯುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದರೆ ದಸರೆಯೊಳಗೆ ಬರೆಯಿರಿ, ನೀಲಮ್ಮನವರಿಗೆ ಹೇಳಿಕಳಿಸುತ್ತೇನೆ. ಆ ಮನೆಯಲ್ಲಿ ಅಂದು ಮತ್ತೆ ದೀಪ ಹಚ್ಚಬೇಕಾಗುತ್ತದೆ.